ಬಿಸಿಲು, ಸೆಕೆ, ಬೆಚ್ಚಗೆ: ಇಂಗ್ಲಿಷಿನ ಗುಣವಾಚಕಗಳ ಬಗ್ಗೆ ನಾಲ್ಕು ಮಾತು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಒಂಬತ್ತು ಮತ್ತು ಹತ್ತನೆಯ ತರಗತಿಯ ವಿದ್ಯಾರ್ಥಿಗಳಿಗಾಗಿ ನಡೆದ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಸಾಫ್ಟ್‌ವೇರ್ ಇಂಜಿನಿಯರ್ ಬಂದಿದ್ದಾನೆ ಅಂದರೆ ಕಂಪ್ಯೂಟರ್ ಬಗ್ಗೆ ಮಾತನಾಡುತ್ತಾನೆ ಎಂದು ನೀವು ಎಣಿಸಿರಬಹುದು. ಆದರೆ ಮುಖ್ಯೋಪಾಧ್ಯಾಯರು ಫೋನ್ ಮಾಡಿದಾಗ ಬೇರೆ ಕೆಲಸ ಒಪ್ಪಿಸಿದರು. "ನಮ್ಮ ಹುಡುಗರಿಗೆ ಇಂಗ್ಲಿಷ್ ಅಂದರ ಭಯ. ಅದು ಸ್ವಲ್ಪ ಹೋಗೋ ಹಂಗ ಅರ್ಧ ತಾಸು ಮಾತಾಡಪ್ಪ" ಅಂದರು. ಭಯ ಪಡಬೇಡಿ ಎಂದು ಹೇಳಿದರೆ ಯಾರ ಭಯವೂ ಹೋಗುವುದಿಲ್ಲ. ಒಂದು ಸಣ್ಣ ವಿಷಯವನ್ನು ಬುಡದಿಂದ ತುದಿಯವರೆಗೆ ತಿಳಿದುಕೊಂಡರೆ ಅಷ್ಟರ ಮಟ್ಟಿಗೆ ಹೋಗುತ್ತದೆ. ಹಾಗಾಗಿ ನಾನು ಒಂದು ಸಣ್ಣ ವಿಷಯವನ್ನು ಆರಿಸಿಕೊಂಡಿದ್ದೇನೆ. ಬಿಸಿಲನ್ನು, ಸೆಕೆಯನ್ನು, ಬೆಚ್ಚಗಿನ ಹವೆಯನ್ನು ಇಂಗ್ಲಿಷಿನಲ್ಲಿ ಹೇಗೆ ಬಣ್ಣಿಸುತ್ತಾರೆ ಎಂಬುದೇ ಆ ವಿಷಯ. ರಾಯಚೂರು ಜಿಲ್ಲೆಯ ಮಕ್ಕಳಿಗೆ ಬಿಸಿಲು ಹೊಸದಲ್ಲ, ಅದಕ್ಕಿರುವ ಇಂಗ್ಲಿಷ್ ಪದಗಳು ಮಾತ್ರ ಹೊಸವು. ವಿಷಯ ಗೊತ್ತಿದ್ದು ಪದ ಗೊತ್ತಿಲ್ಲದಿದ್ದರೆ ಕಲಿಕೆ ಅರ್ಧ ಮುಗಿದ ಹಾಗೆಯೇ.

ಇದೆಲ್ಲ ಯಾಕೆ ಬೇಕು ಎಂಬುದಕ್ಕೆ ಒಂದು ಮಾತು. ನಮ್ಮ ಕಾಲದಲ್ಲಿ ಐದನೆಯ ತರಗತಿಗೆ ಬಂದ ಮೇಲೆ ಎ ಬಿ ಸಿ ಡಿ ಶುರುವಾಗುತ್ತಿತ್ತು. ಹತ್ತನೆಯ ತರಗತಿಯವರೆಗೆ ಎಲ್ಲವನ್ನೂ ಕನ್ನಡದಲ್ಲಿ ಓದಿ, ನಮ್ಮ ಬ್ಯಾಚಿನ ಐದು ಜನ ಪಿಯುಸಿ ವಿಜ್ಞಾನಕ್ಕೆ ಸೇರಿದೆವು. ಇಬ್ಬರು ಅರ್ಧಕ್ಕೇ ಬಿಟ್ಟು ಊರಿಗೆ ಬಂದರು. ಅವರಲ್ಲಿ ಒಬ್ಬ ಲೆಕ್ಕದಲ್ಲಿ ನನಗಿಂತ ಚುರುಕು. ಅವನಿಗೆ ಭೌತಶಾಸ್ತ್ರ ಕಷ್ಟವಾಗಲಿಲ್ಲ, ಭೌತಶಾಸ್ತ್ರದ ಪುಸ್ತಕ ಕಷ್ಟವಾಯಿತು. ತನಗೆ ಗೊತ್ತಿದ್ದ ವಿಷಯವೇ ಬೇರೆ ವೇಷದಲ್ಲಿ ಬಂದಾಗ, ಇದು ನನಗೆ ಗೊತ್ತಿಲ್ಲದ್ದು ಎಂದು ಅವನು ತಿಳಿದುಬಿಟ್ಟ. ಅವನು ಈ ಪೆಂಡಾಲಿನಲ್ಲೇ ಕುಳಿತಿದ್ದಾನೆ, ಅವನನ್ನು ಕೇಳಿಯೇ ಈ ಮಾತು ಹೇಳುತ್ತಿದ್ದೇನೆ. ಅವನ ಮಗಳು ಈ ವರ್ಷ ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಅವಳಿಗೂ ಅವಳ ಓರಗೆಯವರಿಗೂ ಹಾಗಾಗಬಾರದು.

ಮೊದಲು ನಮ್ಮ ಕನ್ನಡದ ಕಣಜ ನೋಡೋಣ. ಬಿಸಿಲು, ಬಿಸಿ, ಕಾವು, ಝಳ, ಧಗೆ, ಸೆಕೆ, ಬೇಗೆ, ಉರಿ, ಹಬೆ. ಬಿಸಿಲಿನಲ್ಲೇ ಎಳೆಬಿಸಿಲು, ಬಿರುಬಿಸಿಲು, ಸುಡುಬಿಸಿಲು, ರಣಬಿಸಿಲು. ನೀರಿಗೆ ಉಗುರುಬೆಚ್ಚಗೆ, ಬೆಚ್ಚಗೆ, ಬಿಸಿ, ಕುದಿ. ಯಾರಾದರೂ ಇವನ್ನು ಪಟ್ಟಿ ಮಾಡಿಸಿ ಕಲಿಸಿದರೇ? ಇಲ್ಲ. ಆದರೂ ಯಾವುದನ್ನು ಎಲ್ಲಿ ಬಳಸಬೇಕೆಂದು ನಿಮಗೆ ಗೊತ್ತು. ಜ್ವರ ಬಂದಾಗ ಅಜ್ಜಿ ಹಣೆ ಮುಟ್ಟಿ ನೋಡಿ ಏನನ್ನುತ್ತಾರೆ? "ಮೈ ಬೆಚ್ಚಗ ಐತಿ" ಅಂದರೆ ಮನೆಯಲ್ಲೇ ಕಷಾಯ. "ಮೈ ಬಿಸಿ ಐತಿ" ಅಂದರೆ ಮಾತ್ರೆ. "ಮೈ ಸುಡಾಕತ್ತೈತಿ" ಅಂದರೆ ಗಾಡಿ ತೆಗೆದು ಆಸ್ಪತ್ರೆಗೆ. ಥರ್ಮಾಮೀಟರ್ ಇಲ್ಲದ ಮನೆಯಲ್ಲಿ ಈ ಮೂರು ಪದಗಳೇ ಥರ್ಮಾಮೀಟರ್. ಇಂಗ್ಲಿಷಿನವರೂ ಇದೇ ಮೂರು ಮೆಟ್ಟಿಲು ಇಟ್ಟುಕೊಂಡಿದ್ದಾರೆ: ವಾರ್ಮ್, ಹಾಟ್, ಬರ್ನಿಂಗ್. ಬೆಚ್ಚಗೆ, ಬಿಸಿ, ಸುಡುವ. ನಿಮ್ಮ ತಲೆಯಲ್ಲಿ ಮೆಟ್ಟಿಲು ಈಗಾಗಲೇ ಇದೆ, ಹೆಸರಿನ ಚೀಟಿ ಅಂಟಿಸುವುದಷ್ಟೇ ಬಾಕಿ.

ಇಂಗ್ಲಿಷಿನ ಬಿಸಿ ಪದ ಯಾವುದೇ ಸಿಗಲಿ, ಅದಕ್ಕೆ ಮೂರು ಪ್ರಶ್ನೆ ಹಾಕಿ. ಎಷ್ಟು ಬಿಸಿ? ಒಣ ಬಿಸಿಯೋ, ಹಸಿ ಬಿಸಿಯೋ? ಹಿತವೋ, ಅಹಿತವೋ? ನಿಘಂಟಿನಲ್ಲಿ ಹತ್ತು ಪದಗಳಿಗೂ "ತುಂಬಾ ಬಿಸಿಯಾದ" ಎಂದೇ ಅರ್ಥ ಕೊಟ್ಟಿರಬಹುದು. ಈ ಮೂರು ಪ್ರಶ್ನೆ ಕೇಳಿದರೆ ಹತ್ತೂ ಬೇರೆ ಬೇರೆಯಾಗಿ ನಿಲ್ಲುತ್ತವೆ.

ಮೊದಲನೆಯದು, ಎಷ್ಟು ಬಿಸಿ ಎಂಬುದು. ಕೆಳಗಿನ ಮೆಟ್ಟಿಲು ಲ್ಯೂಕ್‌ವಾರ್ಮ್, ಅಂದರೆ ಉಗುರುಬೆಚ್ಚಗೆ. ನಮ್ಮ ಪದದಲ್ಲಿ ಅಳೆಯುವ ಸಾಧನವೂ ಸೇರಿಕೊಂಡಿದೆ ನೋಡಿ, ಉಗುರು! ಟೆಪಿಡ್ ಎಂದರೂ ಹೆಚ್ಚುಕಡಿಮೆ ಅದೇ. ಅದರ ಮೇಲೆ ವಾರ್ಮ್, ಅದರ ಮೇಲೆ ಹಾಟ್. ಇಲ್ಲಿ ಉಚ್ಚಾರದ ಒಂದು ಎಚ್ಚರ. ಬೆಚ್ಚಗೆ ಎಂಬ ಪದವನ್ನು ವಾರ್ಮ್ ಎಂದು ಎಳೆದು ಹೇಳಬೇಕು. ಎಳೆಯದೆ ವರ್ಮ್ ಅಂದರೆ ಹುಳು ಎಂದಾಗುತ್ತದೆ. ಅತಿಥಿಗಳಿಗೆ ವಾರ್ಮ್ ವೆಲ್‌ಕಮ್ ಕೊಡಬೇಕೇ ಹೊರತು ಹುಳುವಿನ ಸ್ವಾಗತ ಕೊಡಬಾರದು.

ಹಾಟ್ ದಾಟಿದ ಮೇಲೆ ಇಂಗ್ಲಿಷ್ ಮಾತು ಅಡುಗೆಮನೆಗೆ ಹೋಗುತ್ತದೆ. ಬಾಯ್ಲಿಂಗ್ ಅಂದರೆ ಕುದಿಯುವ, ರೋಸ್ಟಿಂಗ್ ಅಂದರೆ ಹುರಿಯುವ. ಬೇಕಿಂಗ್ ಅಂದರೆ ಬ್ರೆಡ್ ಬೇಯಿಸುವ ಒಲೆಯೊಳಗೆ ಕೂತ ಹಾಗೆ. ಸಿಜ್ಲಿಂಗ್ ಅಂದರೆ ಕಾದ ಎಣ್ಣೆಗೆ ಭಜಿ ಬಿಟ್ಟಾಗ ಚುಂಯ್ ಅನ್ನುತ್ತದಲ್ಲ, ಆ ಸದ್ದಿನಿಂದ ಬಂದ ಪದ. ನಾವೂ ಇದನ್ನೇ ಮಾಡುತ್ತೇವೆ. ಮೇ ತಿಂಗಳ ನೆಲವನ್ನು ಕಾದ ಹಂಚು ಅನ್ನುತ್ತೇವೆ, ಬಸ್ಸಿನಿಂದ ಇಳಿದವರು ಬೆಂದು ಬಂದೆ ಅನ್ನುತ್ತಾರೆ. ಬಿಸಿಯ ಪರಿಚಯ ಮನುಷ್ಯನಿಗೆ ಮೊದಲು ಆಗುವುದು ಒಲೆಯ ಮುಂದೆ. ಅದಕ್ಕೇ ಎರಡು ಭಾಷೆಗಳೂ ಒಲೆಯಿಂದಲೇ ಪದ ತೆಗೆದುಕೊಂಡಿವೆ.

ಅಡುಗೆಮನೆಯಾಚೆಗೂ ಇಂಥ ಪದಗಳಿವೆ. ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಹೆಚ್ಚು ಹೊತ್ತು ಇಟ್ಟರೆ ಕಂದು ಕಲೆ ಬೀಳುತ್ತದೆ. ಮೇಲ್ಮೈ ಹಾಗೆ ಸುಡುವುದಕ್ಕೆ ಸ್ಕಾರ್ಚ್ ಅನ್ನುತ್ತಾರೆ. ಸ್ಕಾರ್ಚಿಂಗ್ ಸನ್ ಅಂದರೆ ನಮ್ಮ ಸುಡುಬಿಸಿಲು. ಬ್ಲಿಸ್ಟರ್ ಅಂದರೆ ಸುಟ್ಟಾಗ ಏಳುವ ಬೊಬ್ಬೆ. ಬ್ಲಿಸ್ಟರಿಂಗ್ ಹೀಟ್ ಅಂದರೆ ಬೊಬ್ಬೆ ಏಳಿಸುವ ಬಿಸಿಲು. ಬರಿಗಾಲಲ್ಲಿ ಟಾರ್ ರಸ್ತೆ ದಾಟಿದವರಿಗೆ ಈ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಒಂದು ವ್ಯಾಕರಣದ ಗುಟ್ಟು ಇದೆ. ಸ್ಕಾರ್ಚಿಂಗ್, ಬಾಯ್ಲಿಂಗ್, ಬ್ಲಿಸ್ಟರಿಂಗ್ ಎಲ್ಲದರ ಕೊನೆಯಲ್ಲೂ ಇಂಗ್ ಇದೆ. ಕನ್ನಡದಲ್ಲಿ ಅದಕ್ಕೆ ಸರಿಯಾಗಿ ಸುಡುವ, ಕುದಿಯುವ, ಏಳಿಸುವ ಎಂದು ಕೊನೆಯಲ್ಲಿ "ಉವ" ಇದೆ. ಎರಡೂ ಭಾಷೆಗಳು ಕ್ರಿಯಾಪದಕ್ಕೆ ಬಾಲ ಅಂಟಿಸಿ ಗುಣವಾಚಕ ಮಾಡುತ್ತವೆ. ಕೆಲಸ ಮುಗಿದಿದ್ದರೆ ಬಾಲ ಬದಲಾಗುತ್ತದೆ. ಬಾಯ್ಲಿಂಗ್ ವಾಟರ್ ಅಂದರೆ ಕುದಿಯುವ ನೀರು, ಬಾಯ್ಲ್ಡ್ ವಾಟರ್ ಅಂದರೆ ಕುದಿಸಿದ ನೀರು. ಮೊದಲನೆಯದಕ್ಕೆ ಕೈ ಹಾಕಿದರೆ ಸುಡುತ್ತದೆ, ಎರಡನೆಯದನ್ನು ಆರಿಸಿ ಕುಡಿಯಿರಿ ಎಂದು ಡಾಕ್ಟರು ಹೇಳುತ್ತಾರೆ. ಸ್ಕಾರ್ಚಿಂಗ್ ಸನ್ ಸುಡುವ ಬಿಸಿಲಾದರೆ, ಸ್ಕಾರ್ಚ್ಡ್ ಲೀಫ್ ಸುಟ್ಟ ಎಲೆ. ವ್ಯಾಕರಣ ಪುಸ್ತಕದಲ್ಲಿ ಇದಕ್ಕೆ ಪಾರ್ಟಿಸಿಪಲ್ ಎಂಬ ಉದ್ದ ಹೆಸರಿದೆ. ಕನ್ನಡದಲ್ಲಿ ಇದನ್ನೇ ಕೃದಂತ ಎಂದು ನೀವು ಓದಿದ್ದೀರಿ.

ಇನ್ನೊಂದು ಸೂಕ್ಷ್ಮ. ವೆರಿ ವಾರ್ಮ್, ವೆರಿ ಹಾಟ್ ಸರಿ. ಆದರೆ ವೆರಿ ಸ್ಕಾರ್ಚಿಂಗ್, ವೆರಿ ಬಾಯ್ಲಿಂಗ್ ಅನ್ನುವುದಿಲ್ಲ. ಆ ಪದಗಳ ಹೊಟ್ಟೆಯಲ್ಲೇ "ತುಂಬಾ" ಸೇರಿಕೊಂಡಿದೆ. ಒತ್ತು ಬೇಕಾದರೆ ಅಬ್ಸಲ್ಯೂಟ್ಲಿ ಬಾಯ್ಲಿಂಗ್ ಅನ್ನುತ್ತಾರೆ. ಕನ್ನಡದಲ್ಲೂ ತುಂಬಾ ಬಿಸಿ ಅನ್ನುತ್ತೇವೆ, ತುಂಬಾ ಸುಡುಸುಡು ಅನ್ನುವುದಿಲ್ಲ. ನಿಮ್ಮ ಕಿವಿಗೆ ಇದು ಮೊದಲೇ ಗೊತ್ತು.

ಎರಡನೆಯ ಪ್ರಶ್ನೆ, ಒಣ ಬಿಸಿಯೋ ಹಸಿ ಬಿಸಿಯೋ ಎಂಬುದು. ಇದಕ್ಕೆ ಸ್ವಲ್ಪ ವಿಜ್ಞಾನ ಬೇಕು. ನನ್ನ ಜೊತೆ ಕೆಲಸ ಮಾಡುವ ಮಂಗಳೂರಿನ ಗೆಳೆಯರೊಬ್ಬರಿದ್ದಾರೆ. ಅವರ ಊರಲ್ಲಿ 34 ಡಿಗ್ರಿ, ನಮ್ಮಲ್ಲಿ 41 ಇರುವ ದಿನ ಇಬ್ಬರೂ ವಾದ ಮಾಡುತ್ತೇವೆ, ಯಾರ ಕಷ್ಟ ದೊಡ್ಡದು ಎಂದು. ಅಂಕಿಯಲ್ಲಿ ನಾನು ಗೆಲ್ಲುತ್ತೇನೆ, ಅಂಗಿ ನೋಡಿದರೆ ಅವರು ಗೆಲ್ಲುತ್ತಾರೆ. ನನ್ನ ಅಂಗಿಯ ಮೇಲೆ ಉಪ್ಪಿನ ಬಿಳಿ ಗೆರೆ ಮಾತ್ರ ಇರುತ್ತದೆ, ಅವರ ಅಂಗಿ ಬೆವರಿನಲ್ಲಿ ತೊಯ್ದು ಬೆನ್ನಿಗೆ ಅಂಟಿರುತ್ತದೆ. ಕಾರಣ ಇಷ್ಟೇ. ಬೆವರು ಆವಿಯಾಗುವಾಗ ಮೈಯ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ನಮ್ಮ ಬಯಲಿನ ಒಣಗಾಳಿಯಲ್ಲಿ ಬೆವರು ಬಂದದ್ದೇ ಆರಿಹೋಗುತ್ತದೆ. ಕಡಲ ತೀರದ ಗಾಳಿಯಲ್ಲಿ ಆಗಲೇ ನೀರಿನ ಆವಿ ತುಂಬಿರುವುದರಿಂದ ಬೆವರು ಬೇಗ ಆರುವುದಿಲ್ಲ, ಮೈ ತಣಿಯುವುದಿಲ್ಲ. ನಮ್ಮ ಮಣ್ಣಿನ ಕೊಡದ ನೀರು ತಣ್ಣಗಾಗುವುದೂ, ಏರ್ ಕೂಲರ್ ನಮ್ಮಲ್ಲಿ ನಡೆಯುವಷ್ಟು ಚೆನ್ನಾಗಿ ಕರಾವಳಿಯಲ್ಲಿ ನಡೆಯದಿರುವುದೂ ಇದೇ ಕಾರಣಕ್ಕೆ.

ಇಂಗ್ಲಿಷಿನ ಪದಗಳೂ ಇದೇ ಗೆರೆಯ ಮೇಲೆ ಎರಡು ಪಾಲಾಗಿವೆ. ಒಣ ಬಿಸಿಗೆ ಸ್ಕಾರ್ಚಿಂಗ್, ಬೇಕಿಂಗ್, ಟಾರಿಡ್. ಟಾರಿಡ್ ಪದ ಲ್ಯಾಟಿನ್ನಿನದು, ಒಣಗಿ ಸೀದುಹೋದ ಎಂಬ ಅರ್ಥದ್ದು. ಭೂಗೋಳದಲ್ಲಿ ಉಷ್ಣವಲಯ ಎಂದು ಓದುತ್ತೀರಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ ಟಾರಿಡ್ ಝೋನ್ ಎಂಬ ಹೆಸರಿದೆ. ಇಡೀ ಕರ್ನಾಟಕ ಆ ವಲಯದೊಳಗೇ ಬರುತ್ತದೆ. ಹಸಿ ಬಿಸಿಗೆ ಹ್ಯೂಮಿಡ್, ಮಗ್ಗಿ, ಸಲ್ಟ್ರಿ, ಸ್ಟಿಕ್ಕಿ. ಹ್ಯೂಮಿಡ್ ಎಂಬುದು ವಿಜ್ಞಾನದ ಪುಸ್ತಕದಲ್ಲೂ ಬರುವ ಪದ, ಗಾಳಿಯಲ್ಲಿ ತೇವ ಇದೆ ಎಂದಷ್ಟೇ ಹೇಳುತ್ತದೆ. ಮಗ್ಗಿ ಎಂಬುದು ಮಂಜು, ಜಿನುಗು ಮಳೆ ಎಂಬ ಅರ್ಥದ ಹಳೆಯ ಆಡುಮಾತಿನಿಂದ ಬಂದದ್ದು. ನಾವು ಬಾಯಿಪಾಠ ಮಾಡುವ ಮಗ್ಗಿಗೂ ಇದಕ್ಕೂ ಸಂಬಂಧವಿಲ್ಲ, ಆದರೆ ನೆನಪಿಡಲು ಸುಲಭ. ಮಳೆ ಬರುವ ಮುಂಚೆ ಗಾಳಿ ನಿಂತುಹೋಗಿ, ಎಲೆ ಅಲುಗದೆ, "ಭಾಳ ಧಗಿ ಐತಿ" ಅನ್ನುತ್ತೇವಲ್ಲ, ಆ ಹೊತ್ತಿಗೆ ಸಲ್ಟ್ರಿ ಸರಿಯಾದ ಪದ. ಗಾಳಿಯಾಡದ ಕೋಣೆಗೆ ಸ್ಟಫಿ. ಉಸಿರು ಕಟ್ಟಿಸುವಷ್ಟಾದರೆ ಸ್ಟೈಫ್ಲಿಂಗ್.

ಇವುಗಳ ಪೈಕಿ ಸ್ವೆಲ್ಟರಿಂಗ್ ಎಂಬ ಪದದ ಬೇರು ತಿಳಿದರೆ ಮರೆಯುವುದಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಸಾಯುವುದು ಎಂಬ ಅರ್ಥದ ಒಂದು ಕ್ರಿಯಾಪದವಿತ್ತು, ಸ್ವೆಲ್ಟರ್ ಬಂದದ್ದು ಅದರಿಂದ. ಸಲ್ಟ್ರಿ ಪದವೂ ಸ್ವೆಲ್ಟರ್‌ನ ಬಳಗದ್ದೇ. ನಾವು "ಸೆಕಿಗೆ ಸತ್ತೆ ನೋಡು" ಅನ್ನುವುದನ್ನೇ ಸಾವಿರ ವರ್ಷದ ಹಿಂದೆ ಅವರೂ ಅಂದಿರಬೇಕು.

ಮೂರನೆಯ ಪ್ರಶ್ನೆ, ಹಿತವೋ ಅಹಿತವೋ ಎಂಬುದು. ನಮಗೆ ಕಷ್ಟ ಕೊಡುವ ಪ್ರಶ್ನೆ ಇದೇ. ಇಂಗ್ಲೆಂಡ್ ಚಳಿಯ ನಾಡು. ಅಲ್ಲಿ ಬೇಸಿಗೆ ಅಂದರೆ ಎಲ್ಲರೂ ಕಾಯುವ ಕಾಲ. ಪ್ರಿಯರನ್ನು ಬೇಸಿಗೆಯ ದಿನಕ್ಕೆ ಹೋಲಿಸುವ ಮಾತಿನಿಂದ ಷೇಕ್ಸ್‌ಪಿಯರ್ ತನ್ನ ಒಂದು ಪ್ರಸಿದ್ಧ ಸಾನೆಟ್ಟನ್ನು ಆರಂಭಿಸಿದ್ದಾನೆ. ನಮ್ಮೂರಲ್ಲಿ ಯಾರಾದರೂ ತನ್ನ ಹೆಂಡತಿಗೆ ನೀನು ಏಪ್ರಿಲ್ ತಿಂಗಳ ಮಧ್ಯಾಹ್ನದ ಹಾಗೆ ಇದ್ದೀ ಅಂದು ನೋಡಲಿ, ಆ ದಿನ ಊಟ ಸಿಗುವುದು ಅನುಮಾನ. ಪದ ಒಂದೇ, ಬೇಸಿಗೆ. ಆದರೆ ಅದರೊಳಗಿನ ಹವೆ ಬೇರೆ.

ಆದ್ದರಿಂದ ವಾರ್ಮ್, ಸನ್ನಿ, ಬಾಮಿ ಇವೆಲ್ಲ ಇಂಗ್ಲಿಷಿನಲ್ಲಿ ಹೆಚ್ಚಾಗಿ ಹಿತದ ಪದಗಳು. ಬಾಮಿ ಪದ ನಿಮ್ಮ ಮನೆಯಲ್ಲೇ ಇದೆ. ತಲೆನೋವಿಗೆ ಹಚ್ಚುವ ಬಾಮ್ ಇದೆಯಲ್ಲ, ಅದೇ ಪದಕ್ಕೆ ಕೊನೆಯಲ್ಲಿ ಇ ಸೇರಿದೆ. ಬರೆಯುವಾಗ ನಡುವೆ ಎಲ್ ಅಕ್ಷರ ಬರುತ್ತದೆ, ಹೇಳುವಾಗ ಬರುವುದಿಲ್ಲ. ಹಚ್ಚಿದ ಬಾಮಿನ ಹಾಗೆ ಮೈಗೆ ಹಿತ ಕೊಡುವ, ನಸು ಬೆಚ್ಚಗಿನ ಗಾಳಿ ಎಂದು ಅರ್ಥ. ಫೆಬ್ರವರಿಯ ಸಂಜೆ ಕಟ್ಟೆಯ ಮೇಲೆ ಕುಳಿತಾಗ ಬೀಸುವ ಗಾಳಿಗೆ ಬಾಮಿ ಅನ್ನಬಹುದು. ಮೇ ತಿಂಗಳ ಮಧ್ಯಾಹ್ನಕ್ಕೆ ಅಂದರೆ ಕೇಳಿದವರು ನಗುತ್ತಾರೆ.

ಪದಗಳ ಅಳತೆ ಊರಿಂದ ಊರಿಗೆ ಬದಲಾಗುತ್ತದೆ ಎಂಬುದು ನನಗೆ ಕೆಲಸದಲ್ಲಿ ಚೆನ್ನಾಗಿ ಅರಿವಾಯಿತು. ಇಂಗ್ಲೆಂಡಿನ ಸಹೋದ್ಯೋಗಿಗಳ ಜೊತೆ ನಮಗೆ ವಾರಕ್ಕೆ ಎರಡು ಸಲ ಕರೆ ಇರುತ್ತದೆ. ಮೊದಲ ಎರಡು ನಿಮಿಷ ಹವೆಯ ಮಾತು, ಅದು ಅವರ ಪದ್ಧತಿ. ಒಮ್ಮೆ ಅವರಲ್ಲೊಬ್ಬರು ಇವತ್ತು ಬಾಯ್ಲಿಂಗ್ ಅಂದರು. ಎಷ್ಟು ಎಂದು ಕೇಳಿದೆ. 29 ಅಂದರು. ನಮ್ಮ ಬೆಂಗಳೂರಿನ ಹುಡುಗರು ಮೈಕ್ ಬಂದ್ ಮಾಡಿ ನಕ್ಕರು. ಆದರೆ ಯೋಚಿಸಿ ನೋಡಿದರೆ ಅದು ನಗುವ ವಿಷಯವಲ್ಲ. ಬ್ರಿಟನ್ನಿನ ಹವಾಮಾನ ಇಲಾಖೆ ಒಂದು ಕಡೆ ಬಿಸಿ ಅಲೆ ಬಂದಿದೆ ಎಂದು ಹೇಳಬೇಕಾದರೆ ಕನಿಷ್ಠ ಮೂರು ದಿನ ಸತತವಾಗಿ ಆ ಪ್ರದೇಶದ ಮಿತಿ ಮುಟ್ಟಬೇಕು. ಆ ಮಿತಿ ಪ್ರದೇಶಕ್ಕೆ ತಕ್ಕಂತೆ 25ರಿಂದ 28 ಡಿಗ್ರಿ, ಲಂಡನ್ನಿಗೆ 28. ಅಲ್ಲಿನ ಮನೆಗಳು ಒಳಗಿನ ಬಿಸಿ ಹೊರಗೆ ಹೋಗದಂತೆ ಕಟ್ಟಿದವು. ಬಹಳಷ್ಟು ಮನೆಗಳಲ್ಲಿ ಎಸಿ ಇಲ್ಲ. 2022ರ ಜುಲೈ 19ರಂದು ಲಿಂಕನ್‌ಶೈರ್‌ನ ಕೋನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾಯಿತು. ಆ ದೇಶದಲ್ಲಿ 40 ದಾಟಿದ್ದು ಅದೇ ಮೊದಲು. ಹಳಿಗಳು ಕಾದು ಬಾಗಬಹುದೆಂದು ರೈಲುಗಳ ವೇಗ ಇಳಿಸಿದರು. ಆ ವಾರದ ಕರೆಯಲ್ಲಿ ಯಾರೂ ನಗಲಿಲ್ಲ. ಹಗಲು ಕಿಟಕಿಗೆ ಪರದೆ ಎಳೆಯಿರಿ, ಒದ್ದೆ ಬಟ್ಟೆ ಕತ್ತಿನ ಮೇಲೆ ಇಟ್ಟುಕೊಳ್ಳಿ, ನೀರಿಗೆ ಉಪ್ಪು ಸಕ್ಕರೆ ನಿಂಬೆ ಹಾಕಿ ಕುಡಿಯಿರಿ ಎಂದು ನಮ್ಮೂರಿನ ಉಪಾಯಗಳನ್ನು ನಾನು ಹೇಳಿದೆ, ಅವರು ಬರೆದುಕೊಂಡರು. ಬಿಸಿಲಿನ ವಿದ್ಯೆಯಲ್ಲಿ ಅವತ್ತು ನಮ್ಮೂರೇ ಮೇಷ್ಟ್ರು.

ನಮ್ಮ ದೇಶದಲ್ಲೂ ಅಳತೆ ಒಂದೇ ಇಲ್ಲ. ಭಾರತದ ಹವಾಮಾನ ಇಲಾಖೆ ಬಿಸಿ ಅಲೆಯನ್ನು ಪರಿಗಣಿಸಲು ಗರಿಷ್ಠ ಉಷ್ಣಾಂಶ ಬಯಲಿನಲ್ಲಿ ಕನಿಷ್ಠ 40, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30 ಡಿಗ್ರಿ ಮುಟ್ಟಬೇಕೆಂದು ಇಟ್ಟಿದೆ. ಜೊತೆಗೆ ಅದು ಆ ಊರಿನ ವಾಡಿಕೆಗಿಂತ ಎಷ್ಟು ಹೆಚ್ಚು ಎಂಬುದನ್ನೂ ನೋಡುತ್ತದೆ. ಅಂದರೆ ವಿಜ್ಞಾನಿಗಳೂ ಕೇಳುವುದು, ಎಷ್ಟು ಬಿಸಿ ಎಂಬುದರ ಜೊತೆಗೆ ಯಾರಿಗೆ ಬಿಸಿ ಎಂದು. ಇಂಗ್ಲಿಷ್ ಕಥೆಯೊಂದರಲ್ಲಿ ಹಾಟ್ ಡೇ ಎಂದು ಓದಿದರೆ, ಆ ಕಥೆ ಯಾವ ಊರಿನದು ಎಂದು ಮೊದಲು ನೋಡಿ.

ಇನ್ನು ಮನಸ್ಸಿನ ಬಿಸಿ. ಇಂಗ್ಲಿಷಿನಲ್ಲಿ ಒಳ್ಳೆಯ ಮನುಷ್ಯ ವಾರ್ಮ್, ಪ್ರೀತಿಯಿಲ್ಲದವನು ಕೋಲ್ಡ್. ಪತ್ರದ ಕೊನೆಗೆ ವಾರ್ಮ್ ರಿಗಾರ್ಡ್ಸ್ ಬರೆಯುತ್ತಾರೆ. ನಿಮ್ಮ ಯೋಜನೆಗೆ ಲ್ಯೂಕ್‌ವಾರ್ಮ್ ಪ್ರತಿಕ್ರಿಯೆ ಬಂತು ಅಂದರೆ ಯಾರಿಗೂ ಅಷ್ಟು ಉತ್ಸಾಹವಿಲ್ಲ ಎಂದರ್ಥ. ನಮ್ಮಲ್ಲಿ ಹರಕೆ ಹೇಗೆ? "ನಿನ್ನ ಹೊಟ್ಟಿ ತಣ್ಣಗಿರಲಿ" ಅನ್ನುತ್ತಾರೆ. ಮಗುವನ್ನು ನೋಡಿ ಕಣ್ಣು ತಂಪಾಯಿತು ಅನ್ನುತ್ತೇವೆ. ಬೇಡದ್ದಕ್ಕೆ ತಲೆಬಿಸಿ, ಹೊಟ್ಟೆಉರಿ. ಕೈ ಬಿಸಿ ಮಾಡುವುದು ಅಂದರೆ ಏನೆಂದು ಹಿರಿಯರಿಗೆ ಗೊತ್ತು, ಮಕ್ಕಳಿಗೆ ಅದು ಬೇಡ. ಚಳಿಯ ನಾಡಿನಲ್ಲಿ ಬೆಚ್ಚಗಿರುವುದೇ ಪುಣ್ಯ, ಬಿಸಿಲ ನಾಡಿನಲ್ಲಿ ತಣ್ಣಗಿರುವುದೇ ಪುಣ್ಯ. ಬಂದವರಿಗೆ ಅವರು ಬೆಂಕಿಯ ಹತ್ತಿರ ಜಾಗ ಕೊಡುತ್ತಾರೆ, ನಾವು ತಂಬಿಗೆ ತುಂಬ ನೀರು ಕೊಡುತ್ತೇವೆ. ಭಾವ ಒಂದೇ. ಹಾಗಾಗಿ ವಾರ್ಮ್ ವೆಲ್‌ಕಮ್ ಎಂಬುದನ್ನು ಬೆಚ್ಚನೆಯ ಸ್ವಾಗತ ಎಂದು ಪದಕ್ಕೆ ಪದ ಇಳಿಸಬೇಡಿ. ಪ್ರೀತಿಯ ಸ್ವಾಗತ ಅನ್ನಿ, ಆತ್ಮೀಯ ಸ್ವಾಗತ ಅನ್ನಿ. ಹಾಟ್, ಸಲ್ಟ್ರಿ ಎಂಬ ಎರಡು ಪದಗಳನ್ನು ಮನುಷ್ಯರಿಗೆ ಬಳಸಿದರೆ ಅರ್ಥ ರೂಪ ಲಾವಣ್ಯದ ಕಡೆಗೆ ತಿರುಗುತ್ತದೆ. ಅವನ್ನು ಹವೆಗೆ ಮಾತ್ರ ಇಟ್ಟುಕೊಳ್ಳುವುದು ಕ್ಷೇಮ.

ಇಂಗ್ಲಿಷಿನಲ್ಲಿ ಎಲ್ಲವೂ ಇದೆ, ನಮ್ಮಲ್ಲಿ ಇಲ್ಲ ಎಂದು ತಿಳಿಯಬೇಡಿ. ಬಿಸಿಲು ಎಂಬ ಪದವನ್ನೇ ನೋಡಿ. ಅದರಲ್ಲಿ ಬೆಳಕೂ ಇದೆ, ಕಾವೂ ಇದೆ. ಇಂಗ್ಲಿಷಿನಲ್ಲಿ ಇದಕ್ಕೆ ಸರಿಸಮನಾದ ಒಂದೇ ಪದವಿಲ್ಲ. ಸನ್‌ಶೈನ್ ಅಂದರೆ ತೀರ ಹಿತವಾಯಿತು, ಹೀಟ್ ಅಂದರೆ ಬೆಳಕು ಬಿಟ್ಟುಹೋಯಿತು. ಬಿಸಿಲಿಗೆ ಹೋಗಬೇಡ ಅನ್ನಲು ಅವರು ಸೂರ್ಯನನ್ನೇ ಕರೆತಂದು, ಡೋಂಟ್ ಗೋ ಔಟ್ ಇನ್ ದ ಸನ್ ಅನ್ನುತ್ತಾರೆ. ಇನ್ನು ಹಾಟ್ ಪದಕ್ಕೆ ಬಿಸಿ ಎಂದೂ ಅರ್ಥ, ಖಾರ ಎಂದೂ ಅರ್ಥ. ಹೊರದೇಶದ ಅತಿಥಿಯೊಬ್ಬರು ಮಿರ್ಚಿ ಭಜಿ ನೋಡಿ ಈಸ್ ಇಟ್ ಹಾಟ್ ಎಂದು ಕೇಳಿದರೆ ಏನು ಹೇಳುತ್ತೀರಿ? ನಮ್ಮೂರ ಮಿರ್ಚಿಗೆ ಎರಡೂ ಅರ್ಥದಲ್ಲಿ ಹೌದು! ಖಾರವನ್ನು ಬೇರೆ ಮಾಡಿ ಹೇಳಬೇಕಾದಾಗ ಅವರು ಸ್ಪೈಸಿ ಅನ್ನುತ್ತಾರೆ. ಮತ್ತೆ ಪಪ್ಪಾಯಿ ಉಷ್ಣ, ಮಜ್ಜಿಗೆ ತಂಪು ಅನ್ನುತ್ತೇವಲ್ಲ, ಆ ಉಷ್ಣಕ್ಕೆ ಇಂಗ್ಲೆಂಡಿನ ಮಾತಿನಲ್ಲಿ ಸರಿಯಾದ ಪದವಿಲ್ಲ. ಸಿಂಗಪುರ, ಮಲೇಷ್ಯಾದ ಜನರಲ್ಲಿ ನಮ್ಮಂಥದ್ದೇ ನಂಬಿಕೆ ಇದೆ. ಅವರು ತಮ್ಮ ಇಂಗ್ಲಿಷಿನಲ್ಲಿ ಅದಕ್ಕೆ ಹೀಟಿ ಎಂಬ ಪದವನ್ನು ಬಳಸುತ್ತಾರೆ. ಇಂಗ್ಲಿಷ್ ಯಾರ ಮನೆಯ ಸ್ವಂತ ಆಸ್ತಿಯೂ ಅಲ್ಲ. ಬೇಕಾದವರು ತಮ್ಮ ಬದುಕಿಗೆ ತಕ್ಕಂತೆ ಹೊಲಿಸಿಕೊಂಡಿದ್ದಾರೆ.

ಈಗ ವಾಕ್ಯ ಕಟ್ಟುವ ಬಗ್ಗೆ ಒಂದು ಮಾತು. ಸೆಕೆ, ಧಗೆ, ಬಿಸಿಲು ನಮ್ಮಲ್ಲಿ ನಾಮಪದಗಳು. ನನಗೆ ಸೆಕೆ ಆಗುತ್ತಿದೆ ಅನ್ನುತ್ತೇವೆ. ಸೆಕೆ ನನ್ನ ಹತ್ತಿರ ಬರುತ್ತದೆ, ಹೋಗುತ್ತದೆ. ಇಂಗ್ಲಿಷಿನಲ್ಲಿ ಅದೇ ಜಾಗಕ್ಕೆ ಗುಣವಾಚಕ ಬೇಕು, "ನನಗೆ" ಬದಲು "ನಾನು" ಬೇಕು: ಐ ಆ್ಯಮ್ ಫೀಲಿಂಗ್ ಹಾಟ್. ಹವೆಯ ಬಗ್ಗೆ ಹೇಳುವಾಗ ಇಟ್ ಈಸ್ ಹಾಟ್ ಟುಡೇ. ಆ ಇಟ್ ಯಾರು ಎಂದು ನೀವು ಕೇಳಬಹುದು. ಯಾರೂ ಅಲ್ಲ. ಇಂಗ್ಲಿಷ್ ವಾಕ್ಯಕ್ಕೆ ಕರ್ತೃಪದದ ಕುರ್ಚಿ ಖಾಲಿ ಇರಬಾರದು, ಅದಕ್ಕೆ ಒಂದು ಹೆಸರಿಲ್ಲದ ಪದವನ್ನು ಕೂರಿಸುತ್ತಾರೆ. ಕನ್ನಡದಲ್ಲಿ "ಇವತ್ತು ಸೆಕೆ" ಅಂದರೆ ಸಾಕು. ಇದಿಷ್ಟು ವ್ಯತ್ಯಾಸ ತಿಳಿದರೆ ಹವೆಯ ಬಗ್ಗೆ ನೂರು ವಾಕ್ಯ ನೀವೇ ಮಾಡಬಹುದು.

ನನ್ನ ಕಸುಬಿನಲ್ಲಿ ಅರ್ಧ ಕೆಲಸ ಹೆಸರಿಡುವುದು. ಪ್ರೋಗ್ರಾಮಿನಲ್ಲಿ ಎರಡು ಬೇರೆ ವಸ್ತುಗಳಿಗೆ ಒಂದೇ ಹೆಸರಿಟ್ಟರೆ ಆರು ತಿಂಗಳ ನಂತರ ಯಾರಾದರೂ ಎಡವುತ್ತಾರೆ. ಪದ ಕಲಿಯುವುದೂ ಹಾಗೆಯೇ. ಸ್ಕಾರ್ಚಿಂಗ್, ಮಗ್ಗಿ, ಸ್ವೆಲ್ಟರಿಂಗ್ ಎಲ್ಲಕ್ಕೂ "ತುಂಬಾ ಬಿಸಿ" ಎಂದೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರೆ ಅವು ತಲೆಯಲ್ಲಿ ನಿಲ್ಲುವುದಿಲ್ಲ. ಸ್ಕಾರ್ಚಿಂಗ್ ಎದುರಿಗೆ ಸುಡುಬಿಸಿಲು, ಮಗ್ಗಿ ಎದುರಿಗೆ ಅಂಟು ಸೆಕೆ, ಸಲ್ಟ್ರಿ ಎದುರಿಗೆ ಮಳೆಗೆ ಮುಂಚಿನ ಧಗೆ ಎಂದು ಬರೆಯಿರಿ. ಕನ್ನಡ ಚೆನ್ನಾಗಿ ಬಲ್ಲವರಿಗೆ ಇಂಗ್ಲಿಷ್ ಬೇಗ ಹತ್ತುತ್ತದೆ, ಏಕೆಂದರೆ ಹೊಸ ಪದವನ್ನು ನೇತುಹಾಕಲು ಅವರಲ್ಲಿ ಗೂಟಗಳು ಹೆಚ್ಚು. ಇಂಗ್ಲಿಷಿಗಾಗಿ ಕನ್ನಡ ಬಿಡಬೇಕು ಎಂದು ಯಾರಾದರೂ ಹೇಳಿದರೆ, ಗೂಟ ಕಿತ್ತು ಅಂಗಿ ಎಲ್ಲಿ ನೇತುಹಾಕಲಿ ಎಂದು ಕೇಳಿ.

ಕೊನೆಯದಾಗಿ ಒಂದು ಕೆಲಸದ ಮಾತು. ನಮ್ಮ ಬ್ಯಾಚಿನವರು ಸೇರಿ ಶಾಲೆಗೆ ಒಂದು ಸಣ್ಣ ಉಪಕರಣ ತಂದಿದ್ದೇವೆ, ಒಣ ಬಲ್ಬ್ ಮತ್ತು ಒದ್ದೆ ಬಲ್ಬಿನ ಉಷ್ಣಮಾಪಕ. ಒಂದೇ ಹಲಗೆಯ ಮೇಲೆ ಎರಡು ಥರ್ಮಾಮೀಟರ್ ಇರುತ್ತವೆ. ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿರುತ್ತದೆ. ಗಾಳಿ ಒಣಗಿದ್ದರೆ ಆ ಬಟ್ಟೆಯ ನೀರು ಬೇಗ ಆವಿಯಾಗಿ ಒದ್ದೆ ಬಲ್ಬಿನ ಅಂಕಿ ಬಹಳ ಕೆಳಗಿಳಿಯುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಎರಡೂ ಅಂಕಿಗಳು ಹತ್ತಿರ ಹತ್ತಿರ ಇರುತ್ತವೆ. ಅಂತರ ದೊಡ್ಡದಿದ್ದರೆ ಒಣ ಬಿಸಿ, ಚಿಕ್ಕದಿದ್ದರೆ ಹಸಿ ಬಿಸಿ. ವರಾಂಡದ ನೆರಳಿನಲ್ಲಿ ಇದನ್ನು ತೂಗುಹಾಕಿ, ಪಕ್ಕದಲ್ಲೊಂದು ಕರಿಹಲಗೆ ಇಡಬೇಕೆಂದು ಗುರುಗಳನ್ನು ಕೇಳಿಕೊಂಡಿದ್ದೇವೆ. ಪ್ರತಿದಿನ ಮಧ್ಯಾಹ್ನ ಬಿಸಿಯೂಟದ ನಂತರ ಒಬ್ಬ ವಿದ್ಯಾರ್ಥಿ ಅಥವಾ ವಿದ್ಯಾರ್ಥಿನಿ ಎರಡೂ ಅಂಕಿ ಓದಿ ಬರೆಯಬೇಕು. ಅದರ ಕೆಳಗೆ ಆ ದಿನದ ಹವೆಗೆ ತಕ್ಕ ಒಂದು ಕನ್ನಡ ಪದ, ಒಂದು ಇಂಗ್ಲಿಷ್ ಪದ. ಅದೇ ಪದ ಯಾಕೆ ಎಂದು ಉಳಿದವರು ಕೇಳಬೇಕು, ಬರೆದವರು ಉತ್ತರ ಹೇಳಬೇಕು. ಒಂದು ವರ್ಷ ಹೀಗೆ ನಡೆದರೆ ಚಳಿಗಾಲ, ಬೇಸಿಗೆ, ಮಳೆಗಾಲ ಮೂರರ ಪದಗಳೂ ನಿಮ್ಮವಾಗುತ್ತವೆ. ಜೊತೆಗೆ ನಮ್ಮೂರಿನ ಹವೆಯ ಲೆಕ್ಕವೂ ಶಾಲೆಯ ಕಪಾಟಿನಲ್ಲಿ ಉಳಿಯುತ್ತದೆ.

ನಾಳೆ ನೀವು ಪಿಯುಸಿಯ ಪುಸ್ತಕ ತೆರೆದಾಗ ಹ್ಯೂಮಿಡಿಟಿ ಎಂಬ ಪದ ಎದುರಾಗಬಹುದು. ಅದು ನಿಮಗೆ ಗೊತ್ತಿಲ್ಲದ್ದಲ್ಲ. ವರಾಂಡದಲ್ಲಿ ಒದ್ದೆ ಬಟ್ಟೆಯ ಅಂಕಿ ಓದಿದ ಕೈ ನಿಮ್ಮದೇ, ಮಣ್ಣಿನ ಕೊಡದ ತಣ್ಣನೆಯ ನೀರು ಕುಡಿದ ಬಾಯಿ ನಿಮ್ಮದೇ. ಹೆದರದೆ ಮುಂದಿನ ಪುಟ ತಿರುಗಿಸಿ.

 ಎಲ್ಲರ ಹೊಟ್ಟೆ ತಣ್ಣಗಿರಲಿ.